ಡೆಮೊದಲ್ಲಿ ಯಾವ ಸಂಗೀತ ಇರಬೇಕು, ಯಾವುದನ್ನು ಬಿಡಬೇಕು? ಗೊತ್ತಿರುವವರು ಹೇಳಿ

ಶ್ರುತಿಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ನಾನು ಬನಶಂಕರಿಯವನು. ಸುಗಮ ಸಂಗೀತ, ಭಕ್ತಿಗೀತೆ ಆಲ್ಬಂಗಳಿಗೆ ಕೀಬೋರ್ಡ್ ನುಡಿಸಿ, ಅರೇಂಜ್‌ಮೆಂಟ್ ಮಾಡಿಕೊಂಡು ಜೀವನ ನಡೆಯುತ್ತಿದೆ. ಈಗ ಸಿನಿಮಾ, ವೆಬ್ ಸರಣಿ, ಸಾಧ್ಯವಾದರೆ ಗೇಮ್ ಕಡೆಗೂ ಹೋಗಬೇಕು ಅಂತ ಆಸೆ. ಈ ಸಲ ಚಿತ್ರೋತ್ಸವಕ್ಕೆ ಪಾಸ್ ಮಾಡಿಸುತ್ತೇನೆ, ಗೇಮ್ ಮತ್ತು ಅನಿಮೇಷನ್‌ನವರ ಜಿಎಎಫ್‌ಎಕ್ಸ್ ಸಮ್ಮೇಳನಕ್ಕೂ ಹೋಗುತ್ತೇನೆ. ಯಾರಾದರೂ "ಏನಾದ್ರೂ ಕಳಿಸಿ, ಕೇಳೋಣ" ಅಂದರೆ ಕೊಡುವುದಕ್ಕೆ ಒಂದು ಡೆಮೊ ಬೇಕು.

ಕೈಯಲ್ಲಿರುವುದು ಇಷ್ಟು. ಒಂದು ಕಿರುಚಿತ್ರದ ರೀರೆಕಾರ್ಡಿಂಗ್ (ಹಿನ್ನೆಲೆ ಸಂಗೀತ), ದೊಡ್ಡ ಆರ್ಕೆಸ್ಟ್ರಾ ಥರ ಇರುವ ಟ್ರೈಲರ್ ಮ್ಯೂಸಿಕ್, ಎರಡು ಹಾಡು, ಹೆದರಿಸುವ ದೃಶ್ಯಕ್ಕೆ ಮಾಡಿದ ಒಂದು ತುಣುಕು, ಮೊಬೈಲ್ ಗೇಮ್‌ಗೆ ಅಂತ ಮಾಡಿದ, ಮತ್ತೆ ಮತ್ತೆ ಸುತ್ತುವ ಲೂಪ್, ಉಪ್ಪಿನಕಾಯಿ ಜಾಹೀರಾತಿನ ಜಿಂಗಲ್, ಮತ್ತೆ ಭಕ್ತಿಗೀತೆ ಬೇಕಾದಷ್ಟು. ಚೆನ್ನಾಗಿರುವುದನ್ನೆಲ್ಲ ಸೇರಿಸಿದರೆ 12 ನಿಮಿಷ ಆಗುತ್ತದೆ. ಗೆಳೆಯ ಹೇಳುತ್ತಾನೆ ಎಲ್ಲಾ ಹಾಕು, ನಿನಗೆ ಎಲ್ಲಾ ಬರುತ್ತೆ ಅಂತ ಗೊತ್ತಾಗಲಿ ಅಂತ. ನನ್ನ ಹೆಂಡತಿ ಮಾತ್ರ ಮೂರೇ ಹಾಕಿ ಅನ್ನುತ್ತಾಳೆ. ಯಾರ ಮಾತು ಕೇಳಲಿ?

ಬಾಸ್‌ಲೈನ್:
ಹೆಂಡತಿ ಮಾತು. ಡೆಮೊ ವಿಷಯ ಬಿಡಿ, ಯಾವತ್ತೂ ಅದೇ ಸೇಫ್.

ರಾತ್ರಿಪಾಳಿ ಎಡಿಟರ್:
ನಾನು ಎಡಿಟಿಂಗ್ ರೂಮಿನಲ್ಲಿ ಕೂರುವವನು, ನೋಡಿದ್ದನ್ನು ಹೇಳುತ್ತೇನೆ. 12 ನಿಮಿಷ ಯಾರೂ ಕೇಳುವುದಿಲ್ಲ. ನಿರ್ದೇಶಕರ ಫೋನಿಗೆ ಲಿಂಕ್ ಬರುತ್ತದೆ, ಟೀ ಕುಡಿಯುತ್ತಾ ಫೋನ್ ಸ್ಪೀಕರ್‌ನಲ್ಲೇ ಹಾಕುತ್ತಾರೆ. ನಮ್ಮ ಸಂಗೀತಗಾರರಿಗೆ ಮೆಲ್ಲಗೆ ಏರುವ ಪ್ಯಾಡ್ (ಕೀಬೋರ್ಡಿನ ಉದ್ದನೆಯ ಮೆತ್ತನೆ ನಾದ) ಅಂದರೆ ಪ್ರಾಣ. ಫೋನಿನಲ್ಲಿ ಅದು ಕೇಳಿಸುವುದೇ ಇಲ್ಲ. "ಏನ್ರೀ, ಪ್ಲೇ ಆಗ್ತಿದೆಯಾ?" ಅಂತ ವಾಲ್ಯೂಮ್ ಪೂರ್ತಿ ಏರಿಸುತ್ತಾರೆ. ಆಮೇಲೆ ಹೆಬ್ಬೆರಳಿನಲ್ಲಿ ನಡುವಿಗೆ ಎಳೆಯುತ್ತಾರೆ, ಅಲ್ಲಿ ಡ್ರಮ್ ಢಬ್ ಅನ್ನುತ್ತದೆ, ಟೀ ಚೆಲ್ಲುತ್ತದೆ, ಆಫ್. ನಿಮ್ಮ ಡೆಮೊ ಮುಗಿಯಿತು.

ಅದಕ್ಕೆ ಮೊದಲ ಹತ್ತು ಸೆಕೆಂಡಿನಲ್ಲೇ ವಿಷಯಕ್ಕೆ ಬನ್ನಿ. ಮೂರೋ ನಾಲ್ಕೋ ತುಣುಕು, ಒಂದೊಂದೂ ಒಂದೂವರೆ ನಿಮಿಷದೊಳಗೆ. ಪೂರ್ತಿ ಟ್ರ್ಯಾಕ್ ಕೇಳಬೇಕು ಅನ್ನಿಸಿದವರು ಅವರೇ ಕೇಳುತ್ತಾರೆ.

ಗಾಂಧಿನಗರದ ಹಳಬ:
ತಮ್ಮಾ, ಈ ಪ್ಯಾಡು, ತುಣುಕು ಎಲ್ಲಾ ಇರಲಿ. ನಿರ್ಮಾಪಕ ಕೇಳುವುದು ಒಂದೇ ಮಾತು, "ಟ್ಯೂನ್ ಎಲ್ಲಿ?" ಪಲ್ಲವಿ ಒಂದು ಸಲ ಕೇಳಿ, ಎರಡನೇ ಸಲ ಅವರೇ ಗುನುಗಬೇಕು. ಹಾಗಾದರೆ ಅಡ್ವಾನ್ಸ್ ಮಾತು ಬರುತ್ತದೆ. ನಮ್ಮ ಕಾಲದಲ್ಲಿ ಡೆಮೊ ಅಂದರೆ ಹಾರ್ಮೋನಿಯಂ ಮುಂದೆ ಕೂತು ಹಾಡಿ ತೋರಿಸುವುದು, ಅಷ್ಟೇ. ಒಪ್ಪಿಗೆಯಾದರೆ ರೆಕಾರ್ಡಿಂಗ್‌ಗೆ ಮದ್ರಾಸಿಗೆ ರೈಲು ಹತ್ತಬೇಕಿತ್ತು. ಶಂಕರ್ ನಾಗ್ ಇಲ್ಲೇ ಸಂಕೇತ್ ಸ್ಟುಡಿಯೋ ಮಾಡಿದಾಗ ನಮಗೆಲ್ಲ ಎಷ್ಟು ಖುಷಿ ಅಂತೀಯ. ಇರಲಿ, ಹಾಡು ಮೊದಲು ಹಾಕು. ಸಾಹಿತ್ಯ ಇಲ್ಲದಿದ್ದರೆ ಡಮ್ಮಿ ಸಾಹಿತ್ಯ ಸಾಕು, ಆದರೆ ಹಾಡುವವನು ಶ್ರುತಿಯಲ್ಲಿರಲಿ.

ಕ್ಲಿಕ್ ಟ್ರ್ಯಾಕ್:
ಹಳಬರೇ, ನಿಮ್ಮ ಅನುಭವಕ್ಕೆ ಗೌರವ. ಆದರೆ ಈಗ ಹಾಡಿಗೆ ಒಬ್ಬರು, ರೀರೆಕಾರ್ಡಿಂಗ್‌ಗೆ ಇನ್ನೊಬ್ಬರು ಅನ್ನುವುದು ಮಾಮೂಲಿ ಆಗಿದೆ. ಎಷ್ಟೋ ವೆಬ್ ಸರಣಿಗೆ ಹಾಡೇ ಬೇಡ. ಕಿರುಚಿತ್ರ ಮಾಡುವ ಹುಡುಗನಿಗೆ ಪಲ್ಲವಿ ಚರಣ ಕೇಳಿಸಿದರೆ "ಚೆನ್ನಾಗಿದೆ ಸರ್" ಅಂತ ಹೇಳಿ ಹೋಗುತ್ತಾನೆ, ಅವನ ದೃಶ್ಯಕ್ಕೆ ನೀವು ಏನು ಮಾಡಬಲ್ಲಿರಿ ಅಂತ ಅವನಿಗೆ ತಿಳಿಯುವುದೇ ಇಲ್ಲ.

ಶ್ರುತಿಪೆಟ್ಟಿಗೆ ಅವರೇ, ಮೊದಲು ಇದನ್ನು ಹೇಳಿ. ನಾಳೆ ಒಂದೇ ಒಂದು ಕೆಲಸ ಸಿಗುತ್ತದೆ ಅಂದರೆ ಯಾವುದು ಬೇಕು? ಅದಕ್ಕೆ ಹೊಂದುವುದನ್ನು ಹಾಕಿ. ಜಿಂಗಲ್ ಹಾಕಿದರೆ ಜಿಂಗಲ್ ಕೆಲಸವೇ ಬರುತ್ತದೆ, ಆಮೇಲೆ ಅಳಬೇಡಿ.

ಗಾಂಧಿನಗರದ ಹಳಬ:
ಜಿಂಗಲ್‌ನಲ್ಲಿ ದುಡ್ಡಿದೆ ತಾಯಿ. ಅಳುವುದು ಯಾಕೆ?

ಶ್ರುತಿಪೆಟ್ಟಿಗೆ:
@ಕ್ಲಿಕ್ ಟ್ರ್ಯಾಕ್, ರೀರೆಕಾರ್ಡಿಂಗೇ ಬೇಕು. ಕಷ್ಟ ಏನೆಂದರೆ ನನ್ನ ಕಿರುಚಿತ್ರದ ತುಣುಕು ಬರೀ ಕೇಳಿದರೆ ಏನೂ ಇಲ್ಲ ಅನ್ನಿಸುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜ ಮಗನಿಗೆ ಫೋನ್ ಮಾಡುವ ದೃಶ್ಯ. ಮಗ ಕರೆದುಕೊಂಡು ಹೋಗಲು ಬರುವುದಿಲ್ಲ ಅಂತ ಮಾತಿನ ನಡುವೆ ಗೊತ್ತಾಗುತ್ತದೆ. ಮಾತಾಡುವಷ್ಟು ಹೊತ್ತೂ ತಂಬೂರಿ, ಅದರ ಕೆಳಗೆ ಸೆಲ್ಲೊ ಒಂದೇ ಸ್ವರ. ಅವನು ಫೋನ್ ಜೇಬಿಗೆ ಹಾಕಿ, ಚೀಲ ಎತ್ತಿಕೊಂಡು ಪ್ಲಾಟ್‌ಫಾರ್ಮ್ ನಂಬರ್ ನೋಡುತ್ತಾ ನಿಂತಾಗ ಕೊಳಲು ನಾಲ್ಕು ಸ್ವರ ನುಡಿಯುತ್ತದೆ. ಅಷ್ಟೇ. ಇದನ್ನು ಡೆಮೊದಲ್ಲಿ ಹಾಕಿದರೆ ಜನ ನಿದ್ದೆ ಮಾಡುತ್ತಾರೆ ಅಂತ ಬಿಟ್ಟಿದ್ದೆ.

ರಾತ್ರಿಪಾಳಿ ಎಡಿಟರ್:
ಅಯ್ಯೋ ಗುರುವೇ, ಅದೇ ನಿಮ್ಮ ಮೊದಲ ತುಣುಕು! ಆದರೆ ಆಡಿಯೋ ಅಲ್ಲ, ವಿಡಿಯೋ ಕೊಡಿ. ಮಾತು, ಬಸ್ ಸದ್ದು ಎಲ್ಲಾ ಇರಲಿ, ತೆಗೆಯಬೇಡಿ.

ಯಾಕೆ ಅಂತ ಹೇಳುತ್ತೇನೆ. ನನಗೆ ಬರುವ ಸಂಗೀತದಲ್ಲಿ ಮುಕ್ಕಾಲು ಪಾಲು ಮಾತಿನ ಮೇಲೇ ಕೂರುತ್ತದೆ. ಕೊಳಲು, ವಯಲಿನ್ ಎರಡೂ ಮನುಷ್ಯನ ದನಿ ಇರುವ ಜಾಗದಲ್ಲೇ ಓಡಾಡುತ್ತವೆ, ಮಾತಿನ ನಡುವೆ ಬಂದರೆ ಮಾತು ಮುಚ್ಚಿಹೋಗುತ್ತದೆ. ಕೊನೆಗೆ ಮಿಕ್ಸಿಂಗ್‌ನಲ್ಲಿ ಸಂಗೀತವನ್ನು ಇಳಿಸಿ ಇಳಿಸಿ ಅದು ಇದೆಯೋ ಇಲ್ಲವೋ ಗೊತ್ತಾಗದ ಹಾಗೆ ಮಾಡುತ್ತಾರೆ, ಸಂಗೀತ ಮಾಡಿದವರಿಗೆ ಬೇಜಾರು. ನೀವು ಫೋನ್ ಜೇಬಿಗೆ ಹೋಗುವ ತನಕ ಕೊಳಲನ್ನು ತಡೆದಿದ್ದೀರಿ. ನಿರ್ದೇಶಕನಿಗೆ ಬೇಕಾಗಿರುವುದು ಹಾಗೆ ತಡೆಯಬಲ್ಲ ಮನುಷ್ಯ. ದೊಡ್ಡ ಆರ್ಕೆಸ್ಟ್ರಾ ಯಾರಾದರೂ ಹಾಕುತ್ತಾರೆ, ಸುಮ್ನೆ ಇರಬೇಕಾದ ಕಡೆ ಸುಮ್ನೆ ಇರುವವರು ಕಮ್ಮಿ.

ಗಾಂಧಿನಗರದ ಹಳಬ:
ಫೋನ್ ಸ್ಪೀಕರ್‌ನಲ್ಲೇ ಕೇಳುತ್ತಾರೆ ಅಂತ ನೀನೇ ಹೇಳಿದೆಯಲ್ಲಪ್ಪ. ಅದರಲ್ಲಿ ತಂಬೂರಿ ಎಲ್ಲಿ ಕೇಳಿಸಬೇಕು?

ಮಲ್ಲೇಶ್ವರಂ ಮಿಕ್ಸರ್:
ತಂಬೂರಿ ಕೇಳಿಸುತ್ತದೆ ಸರ್. ತಂಬೂರಿಯ ಕುದುರೆ, ಅಂದರೆ ತಂತಿ ಕೂರುವ ಮೇತುವೆ, ಅದರ ಮೇಲೆ ತಂತಿ ಕೆಳಗೆ ಜೀವಾಳದ ನೂಲು ಇಡುತ್ತಾರಲ್ಲ, ಅದರಿಂದಲೇ ಮೇಲಿನ ಸ್ವರಾಂಶಗಳೆಲ್ಲ ಝೇಂಕರಿಸುವುದು. ಫೋನಿನ ಸಣ್ಣ ಸ್ಪೀಕರ್ ಆ ಝೇಂಕಾರವನ್ನು ಹಿಡಿಯುತ್ತದೆ. ಮಾಯವಾಗುವುದು ಸೆಲ್ಲೊ. ಅದರ ದಪ್ಪ ತಂತಿಯನ್ನು ಬೆರಳಿಡದೆ ನುಡಿಸಿದರೆ ಸುಮಾರು 65 ಹರ್ಟ್ಸ್, ಫೋನಿಗೆ ಅದು ಎಟುಕುವುದೇ ಇಲ್ಲ. ಅದೇ ಸ್ವರವನ್ನು ಒಂದೆರಡು ಸ್ಥಾಯಿ ಮೇಲೂ ಸಣ್ಣಗೆ ಸೇರಿಸಿ, ಕೆಲಸ ಆಗುತ್ತದೆ. ಡೆಮೊ ಕಳಿಸುವ ಮುಂಚೆ ಫೋನ್, ಲ್ಯಾಪ್‌ಟಾಪ್, ಕಾರು ಮೂರರಲ್ಲೂ ಕೇಳಿ. ಸ್ಟುಡಿಯೋ ಮಾನಿಟರ್‌ನಲ್ಲಿ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ.

ಬಾಸ್‌ಲೈನ್:
ಟ್ರೈಲರ್ ಮ್ಯೂಸಿಕ್ ಬಗ್ಗೆ ಯಾರೂ ಮಾತೇ ಆಡುತ್ತಿಲ್ಲ. ಅದು ಜೋರಾಗಿದೆ ಅಲ್ವಾ, ಜನರಿಗೆ ಇಷ್ಟ ಆಗುತ್ತೆ.

ಕ್ಲಿಕ್ ಟ್ರ್ಯಾಕ್:
ಅದೇ ಸ್ಯಾಂಪಲ್ ಲೈಬ್ರರಿ (ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯಗಳ ಸದ್ದು), ಅದೇ ಡ್ರಮ್ಮು, ಅದೇ "ಬ್ರಾಂ". ಎಲ್ಲರ ಡೆಮೊದಲ್ಲೂ ಇದೆ. ಕಂಪ್ಯೂಟರ್ ವಯಲಿನ್‌ಗಳು ಒಟ್ಟಿಗೆ ಮೀಟರ್ ಹಾಕಿದ ಹಾಗೆ ನುಡಿಯುತ್ತವೆ, ಉಸಿರೇ ಇರುವುದಿಲ್ಲ. ಹಾಕಲೇಬೇಕು ಅಂದರೆ ಒಬ್ಬರನ್ನಾದರೂ ಕರೆಸಿ ನಿಜವಾದ ವಯಲಿನ್ ಮೇಲೊಂದು ಪದರ ರೆಕಾರ್ಡ್ ಮಾಡಿ. ಇಪ್ಪತ್ತು ನಕಲಿ ವಯಲಿನ್ ಜೊತೆ ಒಂದು ನಿಜವಾದದ್ದು ಸೇರಿದರೂ ಕಿವಿ ಅದನ್ನೇ ಹಿಡಿಯುತ್ತದೆ.

ತೆಂಕುತಿಟ್ಟು:
ಈಗ ಡ್ರಮ್ ಹೋಗಿ ಯಕ್ಷಗಾನದ ಚಂಡೆ ಬಂದಿದೆ. ಕರಾವಳಿ ಕಥೆಯ ಸಿನಿಮಾಗಳು ಗೆದ್ದ ಮೇಲೆ ಎಲ್ಲರ ಡೆಮೊದಲ್ಲೂ ಚಂಡೆ. ಅದೂ ಲೂಪ್! ತಾಳ ಎಲ್ಲಿ ಮುಗಿಯಬೇಕೋ ಅಲ್ಲಿ ಮುಗಿಯುವುದಿಲ್ಲ, ಕತ್ತರಿಸಿ ಅಂಟಿಸಿರುತ್ತಾರೆ. ಮದ್ದಳೆ ಇಲ್ಲ, ಚಕ್ರತಾಳ ಇಲ್ಲ. ಊರಿನವರು ಕೇಳಿದರೆ ನಗುತ್ತಾರೆ ಮಾರಾಯ್ರೆ.

ಬಾಸ್‌ಲೈನ್:
ದುಃಖ ಅಂದರೆ ಶಿವರಂಜನಿ ರಾಗ, ಊರು ಅಂದರೆ ಚಂಡೆ. ನಡೀಲಿ.

ತೆಂಕುತಿಟ್ಟು:
ಊರು ಅಂದರೆ ಕರಾವಳಿ ಮಾತ್ರವಾ? ಬಯಲುಸೀಮೆಯಲ್ಲಿ ತಮಟೆ ಇಲ್ವಾ, ಡೊಳ್ಳು ಇಲ್ವಾ? ಬೆಂಗಳೂರಲ್ಲಿ ತಮಟೆ ಬಾರಿಸುವವರು ಬೇಕಾದಷ್ಟು ಸಿಗುತ್ತಾರೆ, ಕರೆಸಿ, ದುಡ್ಡು ಕೊಡಿ, ರೆಕಾರ್ಡ್ ಮಾಡಿ.

ಲೆವೆಲ್ ಟೂ:
ನಾನು ಗೇಮ್ ಸ್ಟುಡಿಯೋದಲ್ಲಿ ಆಡಿಯೋ ಕೆಲಸ ಮಾಡುವವಳು. ದಯವಿಟ್ಟು ಸಿನಿಮಾದವರಿಗೆ ಕೊಡುವ ಡೆಮೊವನ್ನೇ ನಮಗೂ ಕೊಡಬೇಡಿ. ಬಸ್ ನಿಲ್ದಾಣದ ದೃಶ್ಯ ಚೆನ್ನಾಗಿರಬಹುದು, ನನಗೆ ಅದರಿಂದ ಉಪಯೋಗ ಕಮ್ಮಿ. ಸಿನಿಮಾದಲ್ಲಿ ದೃಶ್ಯ ಎಷ್ಟು ಹೊತ್ತು ಅಂತ ಮೊದಲೇ ಗೊತ್ತು. ಗೇಮ್‌ನಲ್ಲಿ ಆಡುವವನು ಒಂದೇ ಕೋಣೆಯಲ್ಲಿ ಅರ್ಧ ಗಂಟೆ ನಿಂತರೂ ನಿಲ್ಲಬಹುದು. ಆದ್ದರಿಂದ ನಾನು ನೋಡುವುದು ಲೂಪ್ ಸೇರುವ ಜಾಗದಲ್ಲಿ ಟಕ್ ಅನ್ನುತ್ತದೆಯಾ, ಹತ್ತು ಸಲ ಕೇಳಿದರೂ ತಲೆ ಕೆಡುವುದಿಲ್ಲವಾ ಅಂತ. ನಮಗೆ ಟ್ಯೂನ್ ಜಾಸ್ತಿ ಗಟ್ಟಿಯಾಗಿದ್ದರೂ ಕಷ್ಟ, ಮೂರನೇ ಸಲಕ್ಕೆ ಕಿರಿಕಿರಿ ಶುರುವಾಗುತ್ತದೆ.

ಇನ್ನೊಂದು, ಅದೇ ಸಂಗೀತವನ್ನು ಪದರ ಪದರವಾಗಿ ತೋರಿಸಿ. ಶತ್ರು ಇಲ್ಲದಾಗ ಬರೀ ಮೊದಲ ಪದರ, ಬಂದಾಗ ತಾಳ ಸೇರುತ್ತದೆ, ಹೊಡೆದಾಟಕ್ಕೆ ಪೂರ್ತಿ. ವೈಸ್ ಅಥವಾ ಎಫ್‌ಮಾಡ್ ತಂತ್ರಾಂಶದಲ್ಲಿ ಇದನ್ನು ಜೋಡಿಸಿ, ಪರದೆಯನ್ನು ರೆಕಾರ್ಡ್ ಮಾಡಿ ಒಂದು ನಿಮಿಷದ ವಿಡಿಯೋ ಮಾಡಿ. ಎರಡೂ ತಂತ್ರಾಂಶ ಕಲಿಯುವುದಕ್ಕೆ ಉಚಿತವಾಗಿಯೇ ಸಿಗುತ್ತವೆ. ಜಿಎಎಫ್‌ಎಕ್ಸ್‌ನಂಥ ಕಡೆ ನಮಗೆ ಒಳ್ಳೆ ಸಂಗೀತಗಾರರು ಸಿಗುತ್ತಾರೆ, ಗೇಮ್ ಒಳಗೆ ಸಂಗೀತ ಹೇಗೆ ಕೂರುತ್ತದೆ ಅಂತ ಗೊತ್ತಿರುವವರು ಸಿಗುವುದಿಲ್ಲ.

ಗಾಂಧಿನಗರದ ಹಳಬ:
ಟ್ಯೂನ್ ಗಟ್ಟಿಯಾಗಿದ್ದರೆ ಕಷ್ಟ ಅಂತ ಇವತ್ತೇ ಮೊದಲು ಕೇಳಿದ್ದು. ಇನ್ನೇನೇನು ಕೇಳಬೇಕೋ!

ಶ್ರುತಿಪೆಟ್ಟಿಗೆ:
ಹಾಗಾದರೆ ಎರಡು ಡೆಮೊ ಬೇಕಾಗುತ್ತದೆ. ಇನ್ನೊಂದು ಪ್ರಶ್ನೆ. ಒಂದು ದೊಡ್ಡ ಹಾಲಿವುಡ್ ಸಿನಿಮಾದ ದೃಶ್ಯ ತೆಗೆದುಕೊಂಡು ಅದರ ಸಂಗೀತ ತೆಗೆದು ನನ್ನದನ್ನು ಹಾಕಿದ್ದೇನೆ. ಅದನ್ನು ಯೂಟ್ಯೂಬ್‌ಗೆ ಹಾಕಬಹುದಾ?

ಕರಾರುಪತ್ರ:
ವಕೀಲನಲ್ಲ, ಆದರೆ ಈ ಕರಾರುಗಳ ಮಧ್ಯೆಯೇ ಕೆಲಸ ಮಾಡುವವನು. ದೃಶ್ಯ ನಿಮ್ಮದಲ್ಲ, ಕಾಪಿರೈಟ್ ಸ್ಟ್ರೈಕ್ (ಯೂಟ್ಯೂಬ್‌ನ ಎಚ್ಚರಿಕೆ) ಬಂದರೆ ಚಾನೆಲ್‌ಗೆ ಏಟು. ಬ್ಲೆಂಡರ್ ಫೌಂಡೇಶನ್‌ನವರು ಅನಿಮೇಷನ್ ಕಿರುಚಿತ್ರಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಬಿಗ್ ಬಕ್ ಬನ್ನಿ 2008ರದ್ದು, ಸಿಂಟೆಲ್ 2010ರದ್ದು. ಮೂಲದ ಹೆಸರು ಹಾಕಿ ನಿಮ್ಮ ಸಂಗೀತ ಕೂರಿಸಿ ಎಲ್ಲಿ ಬೇಕಾದರೂ ಹಾಕಬಹುದು. ಸಿಂಟೆಲ್‌ನಲ್ಲಿ ಹೊಡೆದಾಟವೂ ಇದೆ, ದುಃಖವೂ ಇದೆ, ಡೆಮೊಗೆ ಹೇಳಿ ಮಾಡಿಸಿದ ಹಾಗಿದೆ.

ನಿಮ್ಮ ಕಿರುಚಿತ್ರದ ತುಣುಕು ಹಾಕುವುದಕ್ಕೂ ಅದರ ನಿರ್ಮಾಪಕರ ಒಪ್ಪಿಗೆ ಬೇಕು. ನಾನೇ ಮಾಡಿದ ಸಂಗೀತ, ನನ್ನದೇ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಸಿನಿಮಾಕ್ಕೆ ಅಂತ ಮಾಡಿಸಿಕೊಂಡ ಸಂಗೀತದ ಮೊದಲ ಒಡೆಯ ನಿರ್ಮಾಪಕ ಅಂತ 1977ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಬೇರೆ ಕರಾರು ಇಲ್ಲದಿದ್ದರೆ. 2012ರ ತಿದ್ದುಪಡಿ ಬಂದ ಮೇಲೆ ಥಿಯೇಟರ್‌ನಲ್ಲಿ ಸಿನಿಮಾ ಜೊತೆ ಓಡುವುದು ಬಿಟ್ಟು ಉಳಿದ ಕಡೆ ಬಳಸಿದಾಗ ಸಂಗೀತಗಾರನಿಗೂ ರಾಯಧನದ ಪಾಲು ಇದೆ, ಅದನ್ನು ಬರೆದುಕೊಟ್ಟು ಬಿಡುವ ಹಾಗಿಲ್ಲ. ರಾಯಧನ ವಸೂಲಿ ಮಾಡಿಕೊಡುವ ಐಪಿಆರ್‌ಎಸ್ ಸಂಘದ ಸದಸ್ಯರಾಗಿ, ಡೆಮೊಗಿಂತ ಮೊದಲು ಅದನ್ನು ಮಾಡಿ.

ಮೂರನೇ ಬಿಟ್:
ಕಳಿಸುವಾಗ ಹುಷಾರು. ನನ್ನ ಡೆಮೊ ಒಂದು ಜಾಹೀರಾತು ಕಂಪನಿಗೆ ಕೊಟ್ಟಿದ್ದೆ. ಅವರು ನನ್ನ ಟ್ರ್ಯಾಕನ್ನೇ ತಾತ್ಕಾಲಿಕವಾಗಿ ಜಾಹೀರಾತಿಗೆ ಕೂರಿಸಿ ಕ್ಲೈಂಟ್‌ಗೆ ತೋರಿಸಿದ್ದಾರೆ. ಕ್ಲೈಂಟ್ ಒಪ್ಪಿದ ಮೇಲೆ ಬೇರೆಯವರ ಹತ್ತಿರ "ಇದೇ ಥರ ಮಾಡಿಕೊಡಿ" ಅಂತ ಕಮ್ಮಿ ದುಡ್ಡಿಗೆ ಮಾಡಿಸಿಕೊಂಡರು. ಟಿವಿಯಲ್ಲಿ ಬಂದಾಗ ನಮ್ಮ ಅಮ್ಮ "ನಿಂದು ಬರ್ತಿದೆ ನೋಡೋ" ಅಂತ ಕರೆದರು. ನಂದಲ್ಲ ಅಂತ ಅವರಿಗೆ ಹೇಗೆ ಬಿಡಿಸಿ ಹೇಳುವುದು?

ಬಾಸ್‌ಲೈನ್:
ಛೇ. ಕಂಪನಿ ಹೆಸರು ಹೇಳಿ ಗುರು.

ಮೂರನೇ ಬಿಟ್:
ಬೇಡ ಬಿಡಿ, ಈಗ ಅವರ ಹತ್ತಿರವೇ ಕೆಲಸ ಮಾಡುತ್ತಿದ್ದೇನೆ.

ಕ್ಲಿಕ್ ಟ್ರ್ಯಾಕ್:
ಡೌನ್‌ಲೋಡ್ ಆಗದ ಲಿಂಕ್ ಕೊಡಿ, ಬೇಕು ಅಂದವರಿಗೆ ಆಮೇಲೆ ಫೈಲ್. ಕಳ್ಳರನ್ನು ಅದು ತಡೆಯುವುದಿಲ್ಲ, ಸೋಮಾರಿಗಳನ್ನು ತಡೆಯುತ್ತದೆ.

ಮಲ್ಲೇಶ್ವರಂ ಮಿಕ್ಸರ್:
ಹೌದು, ಪೆನ್‌ಡ್ರೈವ್ ಕಾಲ ಹೋಯಿತು, ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ತೂರುವ ಕಿಂಡಿಯೇ ಇಲ್ಲ. ಕಾರ್ಡ್ ಮೇಲೆ ಕ್ಯೂಆರ್ ಕೋಡ್ ಹಾಕಿಸಿ. ಫೈಲೇ ಕಳಿಸಬೇಕಾದರೆ 320 ಕೆಬಿಪಿಎಸ್ ಎಂಪಿ3 ಸಾಕು, ನಿಮಿಷಕ್ಕೆ 2.4 ಎಂಬಿ. 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ ನಿಮಿಷಕ್ಕೆ 17 ಎಂಬಿ ದಾಟುತ್ತದೆ, ಡೆಮೊಗೆ ಅದು ಅತಿ. ವಿಡಿಯೋವನ್ನು ವಾಟ್ಸಾಪ್‌ನಲ್ಲಿ ಹಾಗೇ ಕಳಿಸಿದರೆ ಹಿಂಡಿಬಿಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಫೈಲ್ ಹೆಸರಿನಲ್ಲಿ ನಿಮ್ಮ ಹೆಸರು, ತುಣುಕಿನ ಹೆಸರು ಇರಲಿ. "ಫೈನಲ್ ಫೈನಲ್ 2 ಹೊಸದು" ಅಂತ ಬರುವ ಫೈಲ್‌ಗಳು ನನ್ನ ಡೌನ್‌ಲೋಡ್ ಫೋಲ್ಡರ್‌ನಲ್ಲಿ ರಾಶಿ ಇವೆ, ಯಾರದ್ದು ಅಂತ ದೇವರಿಗೇ ಗೊತ್ತು. ಎಂಪಿ3 ಒಳಗಿನ ಟ್ಯಾಗ್‌ನಲ್ಲಿ ಫೋನ್ ನಂಬರ್ ತುಂಬಿ. ತುಣುಕುಗಳ ವಾಲ್ಯೂಮ್ ಒಂದೇ ಸಮ ಮಾಡಿ. ಸ್ಪಾಟಿಫೈ ಮೈನಸ್ 14 ಲಫ್ಸ್ (ಜೋರಿನ ಅಳತೆ) ಹತ್ತಿರ ತಾನೇ ತಂದುಕೊಳ್ಳುತ್ತದೆ, ಡ್ರೈವ್ ಲಿಂಕ್‌ನಲ್ಲಿ ಅದನ್ನು ನೀವೇ ಮಾಡಬೇಕು.

ತೆಂಕುತಿಟ್ಟು:
ಭಕ್ತಿಗೀತೆ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು ಮುಚ್ಚಿಡಬೇಕಾ?

ರಾತ್ರಿಪಾಳಿ ಎಡಿಟರ್:
ಮುಚ್ಚಿಡುವುದು ಬೇಡ, ಡೆಮೊದಲ್ಲೂ ಬೇಡ. ಮಾತಿನಲ್ಲಿ ಹೇಳಿ. ಇಷ್ಟು ಆಲ್ಬಂ ಮಾಡಿದ್ದೇನೆ, ಹೇಳಿದ ದಿನಕ್ಕೆ ಕೊಟ್ಟಿದ್ದೇನೆ ಅಂದರೆ ನಿರ್ಮಾಪಕರ ಕಿವಿ ನೆಟ್ಟಗಾಗುತ್ತದೆ. ಹೇಳಿದ ದಿನ ಕೊಡುವವರು ಅಂದರೆ ನಮ್ಮಲ್ಲಿ ದೊಡ್ಡ ಅರ್ಹತೆ. ನಾನು ರಾತ್ರಿಪಾಳಿ ಮಾಡುವುದೇ ಕೊಡದವರಿಂದ.

ಮೂರನೇ ಬಿಟ್:
ಚಿತ್ರೋತ್ಸವಕ್ಕೆ ಹೋಗುತ್ತೀರಲ್ಲ, ದೊಡ್ಡ ನಿರ್ದೇಶಕರ ಹಿಂದೆ ಓಡಬೇಡಿ. ಅವರ ಸುತ್ತ ಹತ್ತು ಜನ ಸೆಲ್ಫಿಗೆ ನಿಂತಿರುತ್ತಾರೆ. ಒರಾಯನ್ ಮಾಲ್‌ನಲ್ಲಿ ನಡೆಯುತ್ತಿದ್ದಾಗ ನನಗೆ ಪರಿಚಯ ಆದವರೆಲ್ಲ ಕ್ಯೂನಲ್ಲೇ. ಸಿನಿಮಾಕ್ಕೆ ಕಾಯುತ್ತಾ ನಿಂತವರು ಸಹಾಯಕ ನಿರ್ದೇಶಕರು, ಫಿಲ್ಮ್ ಶಾಲೆ ಹುಡುಗರು, ಮಾತಾಡುವುದಕ್ಕೆ ಬೇರೆ ಕೆಲಸ ಇರುವುದಿಲ್ಲ. ಮೊದಲು ಅವರ ಸಿನಿಮಾ ಬಗ್ಗೆ ಕೇಳಿ. ಕಥೆ ಎಂಥದ್ದು ಅಂತ ತಿಳಿದ ಮೇಲೆ ಅದಕ್ಕೆ ಹತ್ತಿರ ಇರುವ ಒಂದೇ ತುಣುಕಿನ ಲಿಂಕ್ ಆ ರಾತ್ರಿಯೇ ಕಳಿಸಿ. ಎಲ್ಲರಿಗೂ ಒಂದೇ ಡೆಮೊ ಕೊಡುವುದಕ್ಕಿಂತ ಇದು ವಾಸಿ.

ಲೆವೆಲ್ ಟೂ:
ಇದು ನಿಜ. ಕೈಗೆ ಕಾರ್ಡ್ ತುರುಕಿ ಓಡಿಹೋಗುವವರನ್ನು ಯಾರು ನೆನಪಿಡುತ್ತಾರೆ?

ಶ್ರುತಿಪೆಟ್ಟಿಗೆ:
ಎಲ್ಲರಿಗೂ ಥ್ಯಾಂಕ್ಸ್. ಈಗ ಹೀಗೆ ಅಂದುಕೊಂಡಿದ್ದೇನೆ. ಸಿನಿಮಾದವರಿಗೆ ಬಸ್ ನಿಲ್ದಾಣದ ವಿಡಿಯೋ ಮೊದಲು, ಆಮೇಲೆ ಹೆದರಿಸುವ ತುಣುಕು, ಕೊನೆಗೆ ಸಿಂಟೆಲ್ ಹೊಡೆದಾಟಕ್ಕೆ ಹೊಸದಾಗಿ ಮಾಡಿ ನಿಜವಾದ ತಮಟೆ ಸೇರಿಸುತ್ತೇನೆ. ಆರ್ಕೆಸ್ಟ್ರಾ ಟ್ರೈಲರ್ ಹೋಯಿತು, ಹೊಟ್ಟೆ ಉರಿಯುತ್ತಿದೆ, ಅದಕ್ಕೆ ರಾತ್ರಿಯೆಲ್ಲಾ ಕೂತಿದ್ದೆ. ಗೇಮ್‌ನವರಿಗೆ ಲೂಪ್ ಮತ್ತು ಪದರಗಳ ವಿಡಿಯೋ. ಹಾಡುಗಳು ಬೇರೆ ಲಿಂಕ್‌ನಲ್ಲಿ, ಕೇಳಿದವರಿಗೆ ಮಾತ್ರ.

ಗಾಂಧಿನಗರದ ಹಳಬ:
ಕೇಳಿದವರಿಗೆ ಮಾತ್ರವಂತೆ! ನಾನು ಕೇಳುತ್ತಿದ್ದೇನೆ, ಕಳಿಸು. ಒಬ್ಬರು ನಿರ್ಮಾಪಕರು ಹೊಸಬರನ್ನು ಹುಡುಕುತ್ತಿದ್ದಾರೆ. ಚರಣ ಒಂದೇ ಸಾಕು, ನಡುವಿನ ವಾದ್ಯದ ಬಿಟ್ ಉದ್ದ ಇದ್ದರೆ ಕತ್ತರಿಸು. ತಾಳ ಕೆಡದ ಹಾಗೆ ಕತ್ತರಿಸು, ಆ ಚಂಡೆಯವರು ಬೈದಾರು.

ತೆಂಕುತಿಟ್ಟು:
ಬೈಯುವುದು ಗ್ಯಾರಂಟಿ.

ಕ್ಲಿಕ್ ಟ್ರ್ಯಾಕ್:
ಕೊಳಲು ನುಡಿಸಿದವರ ಹೆಸರು ವಿಡಿಯೋ ಕೊನೆಯಲ್ಲಿ ಹಾಕಿ. ನಾಲ್ಕೇ ಸ್ವರ ಇರಬಹುದು, ಕೇಳಿದವರಿಗೆ ನೆನಪಿರುವುದು ಅದೇ.

ಶ್ರುತಿಪೆಟ್ಟಿಗೆ:
ಖಂಡಿತ. @ಕರಾರುಪತ್ರ, ಕಿರುಚಿತ್ರದ ನಿರ್ಮಾಪಕರು ವಾಟ್ಸಾಪ್‌ನಲ್ಲಿ "ಓಕೆ ಬ್ರೋ" ಅಂತ ಕಳಿಸಿದ್ದಾರೆ. ಸಾಕಾ?

ಕರಾರುಪತ್ರ:
ಏನೂ ಇಲ್ಲದಿರುವುದಕ್ಕಿಂತ ಮೇಲು. ಆದರೂ ಯಾವ ದೃಶ್ಯ, ಎಷ್ಟು ಹೊತ್ತಿನದ್ದು, ಎಲ್ಲೆಲ್ಲಿ ಹಾಕುತ್ತೀರಿ ಅಂತ ಎರಡು ಸಾಲು ಈಮೇಲ್ ಬರೆದು, ಅದಕ್ಕೆ ಅವರಿಂದ ಉತ್ತರ ತಗೊಳ್ಳಿ.